ನಾಲ್ಕು ಮರ್ಕ್ ಅಂದರೆ ಎಷ್ಟು ಭೂಮಿ? ಸ್ಕಾಟ್ಲೆಂಡ್‌ನ ಪ್ಯಾರಿಷ್‌ಗಳ ಹಳೆಯ ಕಂದಾಯ ಲೆಕ್ಕ ಮತ್ತು ಜಾಗದ ಹೆಸರುಗಳು

ಪ್ರಶ್ನೆ: ದಫ್ತರ

ನೈರುತ್ಯ ಸ್ಕಾಟ್ಲೆಂಡ್‌ನ ಡಂಫ್ರೀಸ್‌ಶೈರ್‌ನಲ್ಲಿರುವ ಹಾಲಿವುಡ್ ಪ್ಯಾರಿಷ್ (ಒಂದು ಚರ್ಚಿನ ವ್ಯಾಪ್ತಿಯ ಸ್ಥಳೀಯ ಘಟಕ) ಮತ್ತು ಅದರ ಸುತ್ತಲಿನ ಫಾರ್ಮ್ ಹೆಸರುಗಳನ್ನು ಪಟ್ಟಿ ಮಾಡುತ್ತಿದ್ದೇನೆ. 1590ರ ಗೋಪುರಮನೆ ಇರುವ ಫೋರ್‌ಮರ್ಕ್‌ಲ್ಯಾಂಡ್ ಅಲ್ಲೇ ಇದೆ. ಹೆಸರಿನಲ್ಲೇ ನಾಲ್ಕು ಮರ್ಕ್ ಎಂಬ ಹಳೆಯ ಸ್ಕಾಟಿಷ್ ಹಣದ ಲೆಕ್ಕ ಕೂತಿದೆ. ಆದರೆ ಈ ಭಾಗದ ಯಾವ ಫಾರ್ಮ್ ತೆಗೆದುಕೊಂಡರೂ ಅಂಕಿಗಳು ಒಂದಕ್ಕೊಂದು ತಾಳೆಯಾಗುತ್ತಿಲ್ಲ. ರಿಟೂರ್‌ನಲ್ಲಿ (ಭೂಮಿಯ ವಾರಸುದಾರ ಯಾರೆಂದು ವಿಚಾರಿಸಿ ಬರೆದ ದಾಖಲೆ) ಕೆಲವೇ ಶಿಲಿಂಗ್, 17ನೇ ಶತಮಾನದ ಲ್ಯಾಂಡ್ ಟ್ಯಾಕ್ಸ್ ಪಟ್ಟಿಯಲ್ಲಿ ನೂರಾರು ಪೌಂಡ್, 1855ರ ವ್ಯಾಲ್ಯುಯೇಷನ್ ರೋಲ್‌ಗೆ ಬಂದರೆ ಮತ್ತೆ ಕಡಿಮೆ ಪೌಂಡ್.

ಕೇಳಬೇಕಾದದ್ದು ಮೂರು. ಮರ್ಕ್‌ಲ್ಯಾಂಡ್ ಅಂದರೆ ವಿಸ್ತೀರ್ಣವೋ, ಗೇಣಿಯೋ, ತೆರಿಗೆಯೋ? ಹೆಸರಿನಲ್ಲಿ ಪೆನ್ನಿ, ಶಿಲಿಂಗ್, ಮರ್ಕ್ ಕಂಡ ತಕ್ಷಣ ಅದನ್ನು ಕಂದಾಯದ ಹೆಸರು ಅಂತ ಬರೆದುಕೊಳ್ಳಬಹುದೇ? ಹಳೆಯ ಅಂಕಿಯಿಂದ 1855ರ ಫಾರ್ಮ್‌ವರೆಗೆ ಕೊಂಡಿ ಹಾಕುವ ಕ್ರಮ ಯಾವುದು?

ಉತ್ತರ 1: ಮರ್ಕ್‌ಪೌಂಡ್

ದಫ್ತರ ಅವರೇ, ನಿಮ್ಮ ಮುಂದಿರುವ ಮೂರು ಅಂಕಿಗಳು ಮೂರು ಕಾಲದಲ್ಲಿ, ಮೂರು ಉದ್ದೇಶಕ್ಕೆ ಕಟ್ಟಿದವು. ಅವು ತಾಳೆಯಾಗಬಾರದು, ತಾಳೆಯಾದರೆ ಅದೇ ಅನುಮಾನಪಡಬೇಕಾದ ಸಂಗತಿ.

ರಿಟೂರ್‌ನಲ್ಲಿರುವುದು ಓಲ್ಡ್ ಎಕ್ಸ್‌ಟೆಂಟ್. ಇದು 13ನೇ ಶತಮಾನದ ಕಂದಾಯ ನಿಗದಿ. 1326ರಲ್ಲಿ ಕೇಂಬಸ್‌ಕೆನೆತ್‌ನಲ್ಲಿ ಸೇರಿದ ಪಾರ್ಲಿಮೆಂಟು ಒಂದನೇ ರಾಬರ್ಟ್ ದೊರೆಗೆ ಹತ್ತನೇ ಒಂದು ಪಾಲು ಕೊಡಲು ಒಪ್ಪಿದಾಗಲೇ, ಮೂರನೇ ಅಲೆಕ್ಸಾಂಡರನ ಕಾಲದ ಈ ಹಳೆಯ ನಿಗದಿಯನ್ನೇ ಆಧಾರ ಮಾಡಿಕೊಂಡಿತ್ತು. ಆಮೇಲೆ ಭೂಮಿಯ ಬೆಲೆ ಎಷ್ಟು ಏರಿದರೂ ಈ ಅಂಕಿ ಅಲುಗಾಡಲಿಲ್ಲ. ಹೀಗಾಗಿ 1620ರ ರಿಟೂರ್‌ನಲ್ಲಿ ಕಾಣುವ ಶಿಲಿಂಗುಗಳು 1620ರ ಹಣದ ಬೆಲೆಯನ್ನು ಹೇಳುವುದಿಲ್ಲ. ಇಡೀ ಎಸ್ಟೇಟಿನಲ್ಲಿ ಆ ತುಂಡಿನ ಪಾಲೆಷ್ಟು ಎನ್ನುವುದನ್ನು ಹೇಳುತ್ತವೆ. ಹೆಸರುಗಳಲ್ಲಿ ಉಳಿದಿರುವುದೂ ಈ ಪಾಲಿನ ಲೆಕ್ಕವೇ.

ಮರ್ಕ್ ಅಂದರೆ 13 ಶಿಲಿಂಗ್ 4 ಪೆನ್ಸ್, ಪೌಂಡಿನ ಮೂರನೇ ಎರಡು ಭಾಗ (12 ಪೆನ್ಸ್‌ಗೆ ಒಂದು ಶಿಲಿಂಗ್, 20 ಶಿಲಿಂಗ್‌ಗೆ ಒಂದು ಪೌಂಡ್). ದಾಖಲೆಯ ಗುಮಾಸ್ತರು ಒಮ್ಮೆ ಮರ್ಕ್‌ನಲ್ಲಿ, ಒಮ್ಮೆ ಪೌಂಡ್-ಶಿಲಿಂಗ್‌ನಲ್ಲಿ ಬರೆಯುತ್ತಾರೆ. ಆದ್ದರಿಂದ ಕೆಲವು ಮೊತ್ತಗಳನ್ನು ಕಂಡ ಕೂಡಲೇ ಗುರುತು ಹಿಡಿಯುವಂತಿರಬೇಕು. 6 ಶಿಲಿಂಗ್ 8 ಪೆನ್ಸ್ ಅರ್ಧ ಮರ್ಕ್. 26 ಶಿಲಿಂಗ್ 8 ಪೆನ್ಸ್ ಎರಡು ಮರ್ಕ್. 40 ಶಿಲಿಂಗ್ ಮೂರು ಮರ್ಕ್. 53 ಶಿಲಿಂಗ್ 4 ಪೆನ್ಸ್ ನಿಮ್ಮ ನಾಲ್ಕು ಮರ್ಕ್. 3 ಪೌಂಡ್ 6 ಶಿಲಿಂಗ್ 8 ಪೆನ್ಸ್ ಐದು ಮರ್ಕ್. 6 ಪೌಂಡ್ 13 ಶಿಲಿಂಗ್ 4 ಪೆನ್ಸ್ ಹತ್ತು ಮರ್ಕ್. 8 ಪೆನ್ಸ್ ಅಥವಾ 4 ಪೆನ್ಸ್‌ನಲ್ಲಿ ಮುಗಿಯುವ ಮೊತ್ತ ಕಂಡರೆ ಅದನ್ನು ಮರ್ಕ್‌ಗೆ ತಿರುಗಿಸಿ ನೋಡಿ. ಬಹುಪಾಲು ಸಲ ಪೂರ್ಣ ಅಥವಾ ಅರ್ಧ ಸಂಖ್ಯೆ ಬರುತ್ತದೆ.

ಇನ್ನು ವಿಸ್ತೀರ್ಣದ ಮಾತು. 1585ರಲ್ಲಿ ಎಕ್ಸ್‌ಚೆಕರ್, ಅಂದರೆ ದೊರೆಯ ಖಜಾನೆ, ಒಂದು ಸೂತ್ರ ಗೊತ್ತುಮಾಡಿತು: ಒಂದು ಆಕ್ಸ್‌ಗೇಟ್‌ಗೆ (ಒಂದು ಎತ್ತಿನ ಪಾಲಿನ ಉಳುವ ಭೂಮಿ) 13 ಎಕರೆ, ನಾಲ್ಕು ಆಕ್ಸ್‌ಗೇಟ್ ಸೇರಿದರೆ ಓಲ್ಡ್ ಎಕ್ಸ್‌ಟೆಂಟ್‌ನ ಒಂದು ಪೌಂಡ್ ಭೂಮಿ. ಎಂಟು ಆಕ್ಸ್‌ಗೇಟ್ ಒಂದು ಪ್ಲೌಗೇಟ್, ಅಂದರೆ 104 ಎಕರೆ, 40 ಶಿಲಿಂಗ್ ಭೂಮಿ. ಈ ಲೆಕ್ಕದಲ್ಲಿ ಒಂದು ಮರ್ಕ್‌ಲ್ಯಾಂಡ್‌ಗೆ 34 ಎಕರೆ ಚಿಲ್ಲರೆ, ನಾಲ್ಕು ಮರ್ಕ್‌ಗೆ ಸುಮಾರು 139 ಎಕರೆ ಬರುತ್ತದೆ. ಇವು ಸ್ಕಾಟ್ಸ್ ಎಕರೆ, ಈಗಿನ ಎಕರೆಯ ಒಂದೂಕಾಲು ಪಟ್ಟಿಗಿಂತ ತುಸು ಹೆಚ್ಚು. ಅದಕ್ಕಿಂತ ಮುಖ್ಯವಾದದ್ದು, ಈ ಸೂತ್ರ ಉಳುವ ಭೂಮಿಗೆ ಮಾತ್ರ. ಬೆಟ್ಟದ ಹುಲ್ಲುಗಾವಲು, ಜವುಗು, ಕಾಡು ಯಾವುದೂ ಇದರೊಳಗಿಲ್ಲ. ಡಂಫ್ರೀಸ್‌ಶೈರ್‌ನ ಗುಡ್ಡದ ಫಾರ್ಮ್ ಒಂದು ನಕ್ಷೆಯಲ್ಲಿ ಸಾವಿರ ಎಕರೆ ಇದ್ದು, ದಾಖಲೆಯಲ್ಲಿ ಎರಡು ಮರ್ಕ್ ಮಾತ್ರ ಇದ್ದರೆ ಅದರಲ್ಲಿ ಯಾವ ವಿರೋಧವೂ ಇಲ್ಲ. ಮರ್ಕ್‌ನಿಂದ ಎಕರೆಗೆ ನೇರವಾಗಿ ಗುಣಿಸಿ ಗಡಿ ಎಳೆಯುವ ಕೆಲಸಕ್ಕೆ ದಯವಿಟ್ಟು ಕೈ ಹಾಕಬೇಡಿ.

ಎರಡನೆಯ ಅಂಕಿ, ಲ್ಯಾಂಡ್ ಟ್ಯಾಕ್ಸ್ ಪಟ್ಟಿಯದು, ವ್ಯಾಲ್ಯೂಡ್ ರೆಂಟ್, ಅಂದರೆ ತೆರಿಗೆಗಾಗಿ ನಿಗದಿಮಾಡಿದ ಗೇಣಿ ಮೌಲ್ಯ. 1640 ಮತ್ತು 50ರ ದಶಕದ ಮೌಲ್ಯಮಾಪನಗಳ ಮೇಲೆ ನಿಂತು 1667ರ ಹೊತ್ತಿಗೆ ಗಟ್ಟಿಯಾಯಿತು. ಇದನ್ನು ನೋಡಿಕೊಳ್ಳುತ್ತಿದ್ದವರು ಪ್ರತಿ ಕೌಂಟಿಯ ಕಮಿಷನರ್ಸ್ ಆಫ್ ಸಪ್ಲೈ ಎಂಬ ಭೂತೆರಿಗೆಯ ಸಮಿತಿಯವರು. ಲೆಕ್ಕ ಪೌಂಡ್ ಸ್ಕಾಟ್ಸ್‌ನಲ್ಲಿ. 12 ಪೌಂಡ್ ಸ್ಕಾಟ್ಸ್ ಸೇರಿದರೆ ಒಂದು ಪೌಂಡ್ ಸ್ಟರ್ಲಿಂಗ್. ಇದೂ ಒಂದೂವರೆ ಶತಮಾನಕ್ಕಿಂತ ಹೆಚ್ಚು ಕಾಲ ಹೆಪ್ಪುಗಟ್ಟಿ ಕೂತ ಅಂಕಿ. ಮೂರನೆಯದು 1854ರ ಕಾಯ್ದೆಯಂತೆ ವರ್ಷ ವರ್ಷ ಬರೆದ ವ್ಯಾಲ್ಯುಯೇಷನ್ ರೋಲ್. ಅದು ಆ ವರ್ಷದ ನಿಜವಾದ ಗೇಣಿ, ಸ್ಟರ್ಲಿಂಗ್‌ನಲ್ಲಿ. ಶಿಲಿಂಗ್‌ನಿಂದ ನೂರಾರು ಪೌಂಡ್‌ಗೆ ಏರಿ ಮತ್ತೆ ಇಳಿದಂತೆ ಕಾಣುವುದಕ್ಕೆ ಅರ್ಧ ಕಾರಣ ಈ ನಾಣ್ಯದ ವ್ಯತ್ಯಾಸವೇ.

ಉತ್ತರ 2: ಗೇಲಿಕ್ ಓದುಗ

ಎರಡನೆಯ ಪ್ರಶ್ನೆಗೆ: ಇಲ್ಲ, ಕಂಡ ತಕ್ಷಣ ಬರೆದುಕೊಳ್ಳಬಾರದು. ಮೊದಲು ಆ ಪ್ಯಾರಿಷ್ ಯಾವ ಕಂದಾಯ ಪದ್ಧತಿಯ ಸೀಮೆಯಲ್ಲಿದೆ ಎಂದು ನೋಡಬೇಕು.

ನಾರ್ಸ್ (ಸ್ಕ್ಯಾಂಡಿನೇವಿಯದವರ) ಆಳ್ವಿಕೆ ಇದ್ದ ಪಶ್ಚಿಮ ಕರಾವಳಿ ಮತ್ತು ದ್ವೀಪಗಳಲ್ಲಿ ಕಂದಾಯದ ಘಟಕ ಔನ್ಸ್‌ಲ್ಯಾಂಡ್, ಅದರೊಳಗಿನ ಸಣ್ಣ ಪಾಲು ಪೆನ್ನಿಲ್ಯಾಂಡ್. ಹೆಬ್ರಿಡೀಸ್‌ನಲ್ಲಿ ಒಂದು ಔನ್ಸ್‌ಲ್ಯಾಂಡ್‌ಗೆ 20 ಪೆನ್ನಿಲ್ಯಾಂಡ್. ಆರ್ಕ್‌ನಿ ಮತ್ತು ಕೇತ್‌ನೆಸ್‌ನಲ್ಲಿ 18. ಈ ಎರಡನ್ನು ಬೆರೆಸಿದರೆ ಕೂಡುವ ಲೆಕ್ಕವೆಲ್ಲ ಕೆಡುತ್ತದೆ. ಗೇಲಿಕ್‌ನಲ್ಲಿ ಪೆನ್ನಿ ಅಂದರೆ ಪೇಯಿನ್. ಮಲ್ ದ್ವೀಪದ ಪೆನ್ನಿಗೇಲ್, ಪೆನ್ನಿಕ್ರಾಸ್ ಇದರಿಂದ ಬಂದವು. ಅರ್ಧ ಪೆನ್ನಿ ಲೆಫಿನ್ ಆಗುತ್ತದೆ, ಲಾಖ್ ಫೈನ್ ದಡದ ಲೆಫಿನ್‌ಮೋರ್‌ನಲ್ಲಿ ಇದ್ದಂತೆ. ಕಾಲು ಪೆನ್ನಿ ಸ್ಕೈ ದ್ವೀಪದ ಫಿಯೋರ್ಲಿಗ್‌ನಲ್ಲಿದೆ. ನಾರ್ತ್ ಯೂಯಿಸ್ಟ್‌ನ ಉಂಗನಬ್ ಅಂದರೆ ಮಠಾಧೀಶನ ಔನ್ಸ್‌ಲ್ಯಾಂಡ್. ಅಳತೆ ಮತ್ತು ಒಡೆತನ ಎರಡೂ ಒಂದೇ ಹೆಸರಿನಲ್ಲಿ ಉಳಿದಿವೆ.

ಈಶಾನ್ಯಕ್ಕೆ ಹೋದರೆ ಡಾವೊಖ್ ಎಂಬ ಭೂಘಟಕ. ಇನ್ವರ್ನೆಸ್ ಹತ್ತಿರದ ಡಾಖ್‌ಫೋರ್, ಡಾಖ್‌ಗ್ಯಾರಖ್ ಇದರ ಹೆಸರುಗಳು. ಲೆಟ್ಟೊಖ್ ಅಂದರೆ ಅರ್ಧ ಡಾವೊಖ್. ಪುಸ್ತಕದ ಸೂತ್ರ ಒಂದು ಡಾವೊಖ್‌ಗೆ ನಾಲ್ಕು ಪ್ಲೌಗೇಟ್ ಎನ್ನುತ್ತದೆ. ನೆಲದ ಮೇಲೆ ನೋಡಿದರೆ ಉಳುಮೆಯ ಭೂಮಿಯ ಜೊತೆಗೆ ದೂರದ ಬೇಸಿಗೆ ಹುಲ್ಲುಗಾವಲೂ ಕಾಡೂ ಸೇರಿದ ಘಟಕ ಅದು, ಒಂದೇ ತುಂಡಾಗಿ ಇರಬೇಕೆಂದೂ ಇಲ್ಲ.

ಐಲಾ ದ್ವೀಪದ ಲೆಕ್ಕ ಎಲ್ಲಕ್ಕಿಂತ ಸ್ಪಷ್ಟ. ಅಲ್ಲಿ ಕ್ವಾರ್ಟರ್‌ಲ್ಯಾಂಡ್‌ಗೆ 33 ಶಿಲಿಂಗ್ 4 ಪೆನ್ಸ್, ಅಂದರೆ ಎರಡೂವರೆ ಮರ್ಕ್. ಅದರ ಅರ್ಧ ಎಂಟನೇ ಪಾಲು, 16 ಶಿಲಿಂಗ್ 8 ಪೆನ್ಸ್. ಆಕ್ಟೊಮೋರ್, ಆಕ್ಟೊಫ್ಯಾಡ್ ಎಂಬ ಫಾರ್ಮ್ ಹೆಸರುಗಳು ಈ ಎಂಟನೇ ಪಾಲಿನವು, ಒಂದು ದೊಡ್ಡದು, ಇನ್ನೊಂದು ಉದ್ದನೆಯದು. ಗೇಣಿಪಟ್ಟಿಯ ಅಂಕಿ, ಹೆಸರಿನ ಭಿನ್ನರಾಶಿ ಒಂದನ್ನೊಂದು ಹಿಡಿದುಕೊಂಡಿರುವುದನ್ನು ನೋಡಬೇಕೆಂದರೆ ಐಲಾ ಪಟ್ಟಿಗಳಿಂದ ಶುರುಮಾಡುವುದು ಒಳ್ಳೆಯದು.

ಇನ್ನು ನಿಮ್ಮ ಭಾಗದ ಮೋಸದ ಹೆಸರುಗಳು. ಹಾಲಿವುಡ್‌ಗೆ ದೂರವಲ್ಲದ ಪೆನ್‌ಪಾಂಟ್‌ನಲ್ಲಿ ಪೆನ್ನಿ ಇಲ್ಲ. ಅದು ಗೇಲಿಕ್‌ಗೂ ಮುಂಚಿನ ಬ್ರಿಟಾನಿಕ್ ಭಾಷೆಯ ಪೆನ್, ತಲೆ ಅಥವಾ ತುದಿ ಎಂಬ ಅರ್ಥದ್ದು. ಎಡಿನ್‌ಬರೋ ಹತ್ತಿರದ ಪೆನಿಕ್ಯುಕ್ ಕೂಡ ಹಾಗೆಯೇ. ಏರ್‌ಶೈರ್‌ನ ಕ್ಯಾರಿಕ್ ಸೀಮೆಯ ಪಿನ್‌ಮೋರ್, ಪಿನ್‌ವೆರಿ ಜಾತಿಯ ಹೆಸರುಗಳನ್ನು ಒಂದೊಂದಾಗಿ ಹಳೆಯ ಕಾಗುಣಿತ ನೋಡಿಯೇ ತೀರ್ಮಾನಿಸಬೇಕು; 15-16ನೇ ಶತಮಾನದ ರೂಪಗಳಲ್ಲಿ ಪೆನ್ನಿ- ಎಂಬಂತೆ ಎರಡು ಉಚ್ಚಾರಾಂಶ ಉಳಿದಿದ್ದರೆ ಪೆನ್ನಿಲ್ಯಾಂಡ್ ಪಕ್ಷ ಬಲವಾಗುತ್ತದೆ.

ಶಿಲಿಂಗ್‌ಹಿಲ್ ಎಂಬ ಹೆಸರಂತೂ ತುಂಬ ಜನರನ್ನು ದಾರಿ ತಪ್ಪಿಸಿದೆ. ಅದು ನಾಣ್ಯವಲ್ಲ. ಸಿಪ್ಪೆ ಬಿಡಿಸಿದ ಓಟ್ಸನ್ನು ಗಾಳಿಗೆ ತೂರುತ್ತಿದ್ದ ದಿಬ್ಬ. ಆರು ಇಂಚಿನ (ಮೈಲಿಗೆ ಆರು ಇಂಚು ಅಳತೆಯ) ಆರ್ಡ್‌ನನ್ಸ್ ಸರ್ವೆ ನಕ್ಷೆಯಲ್ಲಿ ಪಕ್ಕದಲ್ಲೇ ಗಿರಣಿಯೋ ಗಿರಣಿಯ ಕಾಲುವೆಯೋ ಇದೆಯೇ, ಜಾಗ ಗಾಳಿಗೆ ತೆರೆದ ಏರಿನ ಮೇಲಿದೆಯೇ ನೋಡಿ. ಇದ್ದರೆ ಕಂದಾಯದ ಪಟ್ಟಿಯಿಂದ ಆ ಹೆಸರನ್ನು ಹೊಡೆದುಹಾಕಿ.

ನಕ್ಷೆಗೆ ಹಾಕುವ ಹೆಸರುಗಳನ್ನು ದಾಖಲಿಸಿದ ಆರ್ಡ್‌ನನ್ಸ್ ಸರ್ವೆಯ ನೇಮ್ ಬುಕ್‌ಗಳ ಬಗ್ಗೆ ಒಂದು ಎಚ್ಚರಿಕೆ. ಪ್ರತಿ ಹೆಸರಿಗೂ ಅಲ್ಲಿ ಬೇರೆ ಬೇರೆ ಕಾಗುಣಿತ, ಅದನ್ನು ಹೇಳಿದವರು ಯಾರು, ಜಾಗ ಎಲ್ಲಿ, ವಿವರಣೆ ಏನು ಎಂಬ ಅಂಕಣಗಳಿವೆ. ಹೇಳಿದವರ ಅಂಕಣದಲ್ಲಿ ಸಾಮಾನ್ಯವಾಗಿ ಒಡೆಯ, ಅವನ ಕಾರಭಾರಿ, ಚರ್ಚಿನ ಮಿನಿಸ್ಟರ್, ಶಾಲಾ ಮಾಸ್ತರು ಇರುತ್ತಾರೆ. ತಡವಾಗಿ ಸರ್ವೆಯಾದ ಕೌಂಟಿಗಳಲ್ಲಿ ಅದೇ ಅಂಕಣದಲ್ಲಿ ವ್ಯಾಲ್ಯುಯೇಷನ್ ರೋಲ್ ಎಂದೇ ಬರೆದಿರುವುದುಂಟು. ಆಗ ರೋಲ್ ಮತ್ತು ನಕ್ಷೆ ಎರಡು ಸಾಕ್ಷಿಗಳಾಗುವುದಿಲ್ಲ. ಗುಮಾಸ್ತನ ಕಾಗುಣಿತವೇ ನಕ್ಷೆಗೆ ಏರಿದೆ. ಮೂಲ ಪುಟದ ಚಿತ್ರವನ್ನೇ ತೆರೆದು, ಹೊಡೆದುಹಾಕಿದ ರೂಪಗಳನ್ನೂ ಬರೆದುಕೊಳ್ಳಿ. ಎಷ್ಟೋ ಸಲ ಊರಿನವರ ಉಚ್ಚಾರಕ್ಕೆ ಹತ್ತಿರವಾದದ್ದು ಆ ಹೊಡೆದ ರೂಪದಲ್ಲೇ ಇರುತ್ತದೆ.

ದಫ್ತರ

ಇಬ್ಬರಿಗೂ ಧನ್ಯವಾದ. ರಿಟೂರ್‌ಗಳ ಲ್ಯಾಟಿನ್ ಸಾರಾಂಶದಲ್ಲಿ ಒಂದೇ ಜಮೀನಿಗೆ ಎ.ಇ. ಮತ್ತು ಎನ್.ಇ. ಎಂದು ಎರಡು ಮೊತ್ತಗಳಿವೆ. ಕೆಲವು ಕಡೆ ಎರಡೂ ಇಲ್ಲದೆ ಬರೀ ಇ. ಎಂದಿದೆ. ಅದನ್ನು ಹೇಗೆ ಓದಬೇಕು? ಮೂರನೆಯ ಪ್ರಶ್ನೆಗೆ ಒಂದು ಲೆಕ್ಕ ಹಾಕಿ ತೋರಿಸಿದರೆ ಉಪಕಾರವಾಗುತ್ತದೆ.

ಉತ್ತರ 3: ಹಳೆಯನಕ್ಷೆ

ಎ.ಇ. ಅಂದರೆ ಆಂಟಿಕ್ವಿ ಎಕ್ಸ್‌ಟೆಂಟಸ್, ಹಳೆಯ ನಿಗದಿ. ಎನ್.ಇ. ಹೊಸದು, ಹಲವು ಪಟ್ಟು ದೊಡ್ಡದಿರುತ್ತದೆ. ಪಾಲಿನ ಲೆಕ್ಕಕ್ಕೆ ಎ.ಇ. ಮಾತ್ರ ಬಳಸಿ. ಬರೀ ಇ. ಇದ್ದು ಮುಂದೆ ಫ್ಯೂಡಿಫರ್ಮೆ ಎಂದಿದ್ದರೆ ಅದು ಫ್ಯೂ ಡ್ಯೂಟಿ, ಶಾಶ್ವತ ಗೇಣಿಯ ವಾರ್ಷಿಕ ಮೊತ್ತ. ಅದನ್ನು ಎಕ್ಸ್‌ಟೆಂಟ್ ಎಂದು ಮರ್ಕ್‌ಗೆ ತಿರುಗಿಸಿದರೆ ಅರ್ಥವಿಲ್ಲದ ಉತ್ತರ ಬರುತ್ತದೆ. ಹಾಲಿವುಡ್‌ನಲ್ಲಿ ಪ್ರೆಮೊನ್‌ಸ್ಟ್ರಾಟೆನ್ಷಿಯನ್ ಮಠ ಇತ್ತು. ಮಠದ ಭೂಮಿ ಖಾಸಗಿಯವರ ಕೈಗೆ ಹೋದದ್ದು ಹೆಚ್ಚಾಗಿ ಫ್ಯೂ ಮೂಲಕವೇ, ಆದ್ದರಿಂದ ನಿಮ್ಮ ಪ್ಯಾರಿಷ್‌ನಲ್ಲಿ ಈ ತೊಡಕು ಮತ್ತೆ ಮತ್ತೆ ಎದುರಾಗುತ್ತದೆ.

ಲ್ಯಾಟಿನ್‌ನಲ್ಲಿ ಗಮನಿಸಬೇಕಾದ ಇನ್ನೊಂದು ಸಂಗತಿ: 5 ಮರ್ಕಾಟಾಸ್ ತೆರ್ರಾರುಂ ಎಂದಿದ್ದರೆ ಐದು ಮರ್ಕ್‌ಲ್ಯಾಂಡ್ ಭೂಮಿ, 5 ಮರ್ಕಾಸ್ ಎಂದಿದ್ದರೆ ಐದು ಮರ್ಕ್ ಹಣ, ಬಹುಶಃ ಆ ಭೂಮಿಯ ಮೇಲಿನ ವಾರ್ಷಿಕ ಹಣದ ಹಕ್ಕು. ಸೊಲಿಡಾಟಾಸ್ ಶಿಲಿಂಗ್ ಭೂಮಿ, ಲಿಬ್ರಾಟಾಸ್ ಪೌಂಡ್ ಭೂಮಿ, ಡೆನಾರಿಯಾಟಾಸ್ ಪೆನ್ನಿಲ್ಯಾಂಡ್. ಮೂಲ ಕೈಬರಹದ ರೋಮನ್ ಅಂಕಿಗಳಲ್ಲಿ ಕೊನೆಯ ಐ ಅಕ್ಷರವನ್ನು ಜೆ ಆಕಾರದಲ್ಲಿ ಬರೆಯುತ್ತಾರೆ, ಅದೂ ಒಂದೇ. ಅಂಕಿಯ ಮೇಲೆ ಸಣ್ಣದಾಗಿ ಎರಡು ಎಕ್ಸ್ ಇದ್ದರೆ ಇಪ್ಪತ್ತರಿಂದ ಗುಣಿಸಬೇಕು. ನಾಲ್ಕರ ಮೇಲೆ ಹಾಗಿದ್ದರೆ 80.

ಅಚ್ಚಾದ ಸಾರಾಂಶದಲ್ಲಿ ಸ್ಪೆಷಲ್ ಮತ್ತು ಜನರಲ್ ಎಂದು ಎರಡು ವಿಭಾಗ. ಜಮೀನಿನ ಹೆಸರು ಸ್ಪೆಷಲ್ ರಿಟೂರ್‌ಗಳಲ್ಲಿ ಮಾತ್ರ ಸಿಗುತ್ತದೆ, ಅವು ಕೌಂಟಿವಾರು ಇವೆ, ಸ್ಥಳಗಳ ಸೂಚಿಯೂ ಇದೆ. ಜನರಲ್ ವಿಭಾಗ ಯಾರ ವಾರಸುದಾರ ಯಾರು ಎನ್ನುವುದಷ್ಟನ್ನೇ ಹೇಳುತ್ತದೆ.

ಕೊಂಡಿ ಹಾಕುವಾಗ ಈಚಿನಿಂದ ಹಿಂದಕ್ಕೆ ಹೋಗಿ. ಮೊದಲು ಆರು ಇಂಚಿನ ಮೊದಲ ಆವೃತ್ತಿಯ ನಕ್ಷೆಯಲ್ಲಿ ಫಾರ್ಮ್ ಗುರುತಿಸಿ. ನಂತರ 1855ರ ರೋಲ್‌ನಲ್ಲಿ ಒಡೆಯ, ಗೇಣಿದಾರ, ಗೇಣಿ. ವರ್ಷಕ್ಕೆ 4 ಪೌಂಡ್‌ಗಿಂತ ಕಡಿಮೆ ಗೇಣಿಯವರ ಹೆಸರನ್ನು ಬರೆಯಲೇಬೇಕೆಂಬ ಕಡ್ಡಾಯ ಇರಲಿಲ್ಲ, ಸಣ್ಣ ಗುಡಿಸಲುಗಳು ಕಾಣದಿದ್ದರೆ ಅವು ಇರಲಿಲ್ಲ ಎಂದುಕೊಳ್ಳಬೇಡಿ. ಅಲ್ಲಿಂದ ಹಿಂದೆ 1797-98ರ ಫಾರ್ಮ್ ಹಾರ್ಸ್ ಟ್ಯಾಕ್ಸ್ ಪಟ್ಟಿ. ಕುದುರೆಗಳ ಸಂಖ್ಯೆಗಿಂತ ನಮಗೆ ಮುಖ್ಯವಾದದ್ದು ಪ್ಯಾರಿಷ್‌ವಾರು ಫಾರ್ಮ್ ಮತ್ತು ಗೇಣಿದಾರನ ಹೆಸರು. 17 ಮತ್ತು 19ನೇ ಶತಮಾನದ ನಡುವಿನ ಕಂದಕಕ್ಕೆ ಇದೇ ಸೇತುವೆ. ಆಮೇಲೆ ಲ್ಯಾಂಡ್ ಟ್ಯಾಕ್ಸ್ ಪಟ್ಟಿಗಳು, ನ್ಯಾಷನಲ್ ರೆಕಾರ್ಡ್ಸ್ ಆಫ್ ಸ್ಕಾಟ್ಲೆಂಡ್‌ನಲ್ಲಿ ಇ 106 ಶ್ರೇಣಿ. ಕೊನೆಗೆ ರಿಟೂರ್.

ಕಷ್ಟ ಬರುವುದು ಲ್ಯಾಂಡ್ ಟ್ಯಾಕ್ಸ್ ಹಂತದಲ್ಲಿ. ಅಲ್ಲಿ ಎಷ್ಟೋ ಎಸ್ಟೇಟ್‌ಗಳಿಗೆ ಒಟ್ಟು ಮೊತ್ತ ಮಾತ್ರ ಇರುತ್ತದೆ, ಅದಕ್ಕೆ ಕ್ಯುಮುಲೋ ಎನ್ನುತ್ತಾರೆ. ಒಂದು ಕಾಲ್ಪನಿಕ ಲೆಕ್ಕ ಹಾಕೋಣ. ಎಸ್ಟೇಟಿನ ಎ.ಇ. 6 ಪೌಂಡ್ 13 ಶಿಲಿಂಗ್ 4 ಪೆನ್ಸ್, ಅಂದರೆ ಹತ್ತು ಮರ್ಕ್. ಫಾರ್ಮ್‌ಗಳು ನಾಲ್ಕು: 4 ಮರ್ಕ್, 2½ ಮರ್ಕ್, 2½ ಮರ್ಕ್, 1 ಮರ್ಕ್. ಕೂಡಿದರೆ ಹತ್ತೇ ಬರುತ್ತದೆ, ಹಾಗಾಗಿ ಯಾವ ಫಾರ್ಮೂ ಕೈತಪ್ಪಿಲ್ಲ. ಈ ಕೂಡುವಿಕೆ ಸರಿಬರುವವರೆಗೆ ಮುಂದಕ್ಕೆ ಹೋಗಬೇಡಿ. ವ್ಯಾಲ್ಯೂಡ್ ರೆಂಟ್ ಒಟ್ಟು 500 ಪೌಂಡ್ ಸ್ಕಾಟ್ಸ್ ಇದೆ ಅನ್ನಿ. ಮರ್ಕ್‌ಗೆ 50. ನಾಲ್ಕು ಮರ್ಕ್‌ನ ಫಾರ್ಮ್‌ಗೆ 200 ಪೌಂಡ್ ಸ್ಕಾಟ್ಸ್ ನಿರೀಕ್ಷೆ, ಸ್ಟರ್ಲಿಂಗ್‌ನಲ್ಲಿ 16 ಪೌಂಡ್ 13 ಶಿಲಿಂಗ್ 4 ಪೆನ್ಸ್. ಮುಂದಿನ ಪಟ್ಟಿಯಲ್ಲಿ ಎಸ್ಟೇಟ್ ಒಡೆದು ಆ ಫಾರ್ಮ್‌ಗೆ 190 ಅಥವಾ 215 ಎಂದು ಬಂದರೆ ಗುರುತು ಸರಿಯಿದೆ. 120 ಎಂದು ಬಂದರೆ ಒಂದು ತುಂಡು ಮಾರಾಟವಾಗಿರಬೇಕು ಅಥವಾ ಅದೇ ಹೆಸರಿನ ಮೇಲಿನ-ಕೆಳಗಿನ ಎರಡು ಫಾರ್ಮ್‌ಗಳಾಗಿರಬೇಕು. ಸೇಸೀನ್ ರಿಜಿಸ್ಟರ್‌ನಲ್ಲಿ (ಭೂಮಿ ಕೈಬದಲಾದದ್ದರ ನೋಂದಣಿ) ಆ ವರ್ಷಗಳ ಮಾರಾಟ ಹುಡುಕಿ. 1855ರ ಗೇಣಿಯ ಜೊತೆ ಈ ಅನುಪಾತವನ್ನು ಹೋಲಿಸಬೇಡಿ. ಆ ಹೊತ್ತಿಗೆ ಸುಣ್ಣ, ಚರಂಡಿ, ಬೇಲಿ ಬಂದು ಕೆಳಗಿನ ಹೊಲಗಳ ಗೇಣಿ ಗುಡ್ಡದ ಫಾರ್ಮ್‌ಗಳಿಗಿಂತ ಬೇರೆಯೇ ದಾರಿಯಲ್ಲಿ ಏರಿತ್ತು.

ಉತ್ತರ 4: ಮರ್ಕ್‌ಪೌಂಡ್

ಹಳೆಯನಕ್ಷೆ ಅವರ ಲೆಕ್ಕಕ್ಕೆ ಒಂದು ಸೇರ್ಪಡೆ, 18ನೇ ಶತಮಾನದ ಒಡಕುಗಳ ಬಗ್ಗೆ. 1681ರ ಕಾಯ್ದೆಯಂತೆ ಕೌಂಟಿ ಚುನಾವಣೆಯಲ್ಲಿ ಮತ ಹಾಕಲು ದೊರೆಯಿಂದ ನೇರವಾಗಿ ಪಡೆದ 40 ಶಿಲಿಂಗ್ ಓಲ್ಡ್ ಎಕ್ಸ್‌ಟೆಂಟ್ ಭೂಮಿ ಇರಬೇಕಿತ್ತು, ಇಲ್ಲವೇ 400 ಪೌಂಡ್ ಸ್ಕಾಟ್ಸ್ ವ್ಯಾಲ್ಯೂಡ್ ರೆಂಟ್. ದೊಡ್ಡ ಒಡೆಯರು ತಮ್ಮ ಕಡೆಯವರಿಗೆ ಮತ ಹುಟ್ಟಿಸಲು ಎಸ್ಟೇಟಿನ ಮೇಲ್ಹಕ್ಕನ್ನು ಕಾಗದದ ಮೇಲೆ 400ರ ತುಂಡುಗಳಾಗಿ ಹಂಚಿದರು. 400 ಅಥವಾ ಅದಕ್ಕಿಂತ ಸ್ವಲ್ಪವೇ ಹೆಚ್ಚಿನ ಮೊತ್ತಗಳು ಸಾಲಾಗಿ ಕಂಡರೆ ಆ ಗಡಿಗಳನ್ನು ಹೊಲದಲ್ಲಿ ಹುಡುಕಬೇಡಿ. ಯಾವ ಯಾವ ಫಾರ್ಮ್ ಸೇರಿಸಿದರೆ 400 ಆಗುತ್ತದೋ ಅವನ್ನು ಗಂಟುಹಾಕಿದ್ದಾರೆ ಅಷ್ಟೆ. ಕಮಿಷನರುಗಳ ನಡಾವಳಿ ಪುಸ್ತಕದಲ್ಲಿ ಪ್ರತಿ ಒಡಕಿಗೂ ಫಾರ್ಮ್‌ವಾರು ಅಂಕಿ ಸಿಗುವುದರಿಂದ ಈ ಕಾಗದದ ಆಟವೇ ನಮಗೆ ಕ್ಯುಮುಲೋ ಬಿಡಿಸುವ ಕೀಲಿ.

1743ರ ಕಾಯ್ದೆ ಇದಕ್ಕೆ ಕಡಿವಾಣ ಹಾಕಿ, 40 ಶಿಲಿಂಗ್ ಎಕ್ಸ್‌ಟೆಂಟ್ ಎಂದು ಸಾಬೀತುಪಡಿಸಲು 1681ರ ಸೆಪ್ಟೆಂಬರ್ 16ಕ್ಕಿಂತ ಹಿಂದಿನ ರಿಟೂರ್ ಬೇಕೆಂದಿತು. ಹಾಗಾಗಿ ಕುಟುಂಬದ ಕಾಗದಗಳಲ್ಲಿ ಹಳೆಯ ರಿಟೂರ್‌ಗಳ ನಕಲು 18ನೇ ಶತಮಾನದ ಕೈಬರಹದಲ್ಲಿ ಸಿಗುತ್ತದೆ. ನಕಲಿನ ಕಾಗುಣಿತವನ್ನು ಮೂಲದ ಕಾಲದ್ದೆಂದು ಹೆಸರಿನ ಪಟ್ಟಿಗೆ ಹಾಕಬೇಡಿ.

ದಫ್ತರ

ಒಂದು ಫಾರ್ಮ್ 1885ರ ರೋಲ್‌ನಲ್ಲಿದೆ, 1895ರಲ್ಲಿ ಅದೇ ಪ್ಯಾರಿಷ್‌ನಲ್ಲಿ ಇಲ್ಲ. ಹೆಸರು ಬದಲಾಗಿರಬಹುದೇ?

ಉತ್ತರ 5: ಹಳೆಯನಕ್ಷೆ

ಮೊದಲು ಗಡಿ ನೋಡಿ. 1889ರ ಸ್ಥಳೀಯ ಆಡಳಿತ ಕಾಯ್ದೆಯ ಅಡಿ ನೇಮಕವಾದ ಬೌಂಡರಿ ಕಮಿಷನರುಗಳು 1891ರ ಸುಮಾರಿಗೆ ಪ್ಯಾರಿಷ್‌ಗಳ ಬಿಡಿ ತುಂಡುಗಳನ್ನು ಪಕ್ಕದ ಪ್ಯಾರಿಷ್‌ಗೆ ಸೇರಿಸಿದರು, ಕೆಲವು ಕೌಂಟಿ ಗಡಿಗಳನ್ನೂ ಸರಿಸಿದರು. ಹೀಗಾಗಿ ನೆರೆಯ ಪ್ಯಾರಿಷ್‌ನ 1895ರ ರೋಲ್‌ನಲ್ಲಿ ಅದೇ ಒಡೆಯನ ಹೆಸರಿನಡಿ ಹುಡುಕಿ. ಆರಾಧನೆಗೆಂದು ಮಾತ್ರ ರಚಿಸಿದ ಕ್ವೋಡ್ ಸಾಕ್ರಾ ಪ್ಯಾರಿಷ್‌ಗಳ ಹೆಸರು ಚರ್ಚಿನ ದಾಖಲೆಯಲ್ಲಿ ಬರುತ್ತದೆ, ಕಂದಾಯದ ರೋಲ್‌ನಲ್ಲಿ ಬರುವುದಿಲ್ಲ. ಇವೆರಡನ್ನು ಬೆರೆಸಿದರೂ ಫಾರ್ಮ್ ಕಳೆದುಹೋದಂತೆ ಕಾಣುತ್ತದೆ.

ಅಲ್ಲೂ ಸಿಗದಿದ್ದರೆ 1910ರ ಫೈನಾನ್ಸ್ ಕಾಯ್ದೆಯ ಸರ್ವೆಗೆ ಹೋಗಿ, ನ್ಯಾಷನಲ್ ರೆಕಾರ್ಡ್ಸ್‌ನ ಐಆರ್‌ಎಸ್ ಶ್ರೇಣಿ. ಅದರ ನಕ್ಷೆಯಲ್ಲಿ ಪ್ರತಿ ಹಿಡುವಳಿಗೂ ಬಣ್ಣದ ಗಡಿ ಮತ್ತು ಸಂಖ್ಯೆ ಇದೆ. ಮೊದಲು ನಕ್ಷೆಯಲ್ಲಿ ಫಾರ್ಮ್‌ನ ಮನೆ ಇದ್ದ ಜಾಗ ಗುರುತಿಸಿ ಸಂಖ್ಯೆ ಬರೆದುಕೊಳ್ಳಿ, ಆಮೇಲೆ ಆ ಪ್ಯಾರಿಷ್‌ನ ಫೀಲ್ಡ್ ಬುಕ್ (ಹಿಡುವಳಿವಾರು ವಿವರದ ಪುಸ್ತಕ) ತರಿಸಿ. ಪುಸ್ತಕದಿಂದ ಹುಡುಕುತ್ತ ಹೋದರೆ ಹೊಸ ಹೆಸರು ಗೊತ್ತಿಲ್ಲದೆ ಸಿಗುವುದಿಲ್ಲ. ನಕ್ಷೆಯಿಂದ ಹೋದರೆ ಹೆಸರು ಬದಲಾಗಿದ್ದರೂ, ಪಕ್ಕದ ಫಾರ್ಮ್‌ನೊಳಗೆ ಕರಗಿಹೋಗಿದ್ದರೂ ಸಂಖ್ಯೆ ಅದನ್ನು ತೋರಿಸುತ್ತದೆ.